ವಾಡಿ ಜಂಕ್ಷನ್: ಮಾದರಿಗೆ ನಿಲುಕದ ಗಡಿ

ಮೇಜಿನ ಮೇಲೆ ಗಿರಗಿರನೆ ಸುತ್ತುವ ಆಟದ ರೈಲು ಮಕ್ಕಳಿಗೆ ಮಾತ್ರ ಎಂದು ತಿಳಿದವರು, ರೈಲು ಮಾದರಿ ಕಟ್ಟುವ ಹಿರಿಯರ ಶ್ರದ್ಧೆಯನ್ನು ಒಮ್ಮೆ ನೋಡಬೇಕು. ಇಂಜಿನ್ನಿನ ಚಕ್ರಕ್ಕೆ ಎಷ್ಟು ಕಡ್ಡಿ, ಡಬ್ಬಿಗೆ ಯಾವ ಬಣ್ಣ, ಸಿಗ್ನಲ್ ಕಂಬದ ಎತ್ತರ ಎಷ್ಟು ಎಂಬುದರಲ್ಲಿ ಅವರು ಕೂದಲೆಳೆಯಷ್ಟೂ ರಾಜಿಯಾಗುವುದಿಲ್ಲ. ಇಂಗ್ಲೆಂಡಿನಲ್ಲಿ ಫ್ರಾಂಕ್ ಹಾರ್ನ್‌ಬಿಯ ಕಾರ್ಖಾನೆ 1920ರಲ್ಲಿ ಕೀಲಿ ಕೊಟ್ಟು ಓಡಿಸುವ ರೈಲುಗಳನ್ನು ಮಾರುಕಟ್ಟೆಗೆ ತಂದ ಮೇಲೆ ಈ ಹವ್ಯಾಸ ಅಲ್ಲಿ ಮನೆಮನೆಗೆ ಹಬ್ಬಿತು. ನಮ್ಮ ನೆರೆಯ ಪುಣೆಯಲ್ಲಿ ಜೋಶಿಯವರ ಕಿರು ರೈಲು ಸಂಗ್ರಹಾಲಯ 1998ರಲ್ಲಿ ಆರಂಭವಾಯಿತು. ಇನ್ನು ನಿಜವಾದ ಹಳೆಯ ಇಂಜಿನ್ನುಗಳನ್ನೇ ನೋಡಬೇಕೆಂದರೆ ಮೈಸೂರಿನಲ್ಲಿ 1979ರಲ್ಲಿ ಸ್ಥಾಪನೆಯಾದ ರೈಲು ವಸ್ತುಸಂಗ್ರಹಾಲಯವಿದೆ.

ನಮ್ಮ ಕಲಬುರಗಿ ಸೀಮೆಯ ಹವ್ಯಾಸಿಯೊಬ್ಬ ತನ್ನ ಊರ ಕಡೆಯ ರೈಲಿನ ಮಾದರಿಯನ್ನೇ ಕಟ್ಟಲು ಹೊರಟನೆಂದು ಭಾವಿಸೋಣ. ಚಿತ್ತಾಪುರ ತಾಲ್ಲೂಕಿನ ಗುಂಡಗುರ್ತಿಯಂಥ ಹಳ್ಳಿಗಳ ಜನರಿಗೆ ರೈಲೆಂದರೆ ಚಿತ್ತಾಪುರ, ಶಹಾಬಾದ್ ಇಲ್ಲವೇ ವಾಡಿ. ಇವುಗಳಲ್ಲಿ ಮಾದರಿಗೆ ತಕ್ಕುದು ವಾಡಿಯೇ, ಏಕೆಂದರೆ ಎರಡು ರೈಲ್ವೆಗಳು ಅಲ್ಲಿ ಕೂಡುತ್ತವೆ. ಕಾಲ 1895 ಎಂದಿಟ್ಟುಕೊಳ್ಳೋಣ. ಆ ಮಾದರಿಗೆ ಏನೇನು ಬೇಕಾದೀತು?

ಹಳಿಯ ಅಗಲ

ಮೊದಲು ಹಳಿ. ಬ್ರಿಟಿಷ್ ಹವ್ಯಾಸಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆಯಲ್ಲಿ ನಿಜವಾದ ಒಂದು ಅಡಿಗೆ ಮಾದರಿಯಲ್ಲಿ 4 ಮಿಲಿಮೀಟರ್. ಅಂದರೆ ಎಲ್ಲವೂ ಸುಮಾರು ಎಪ್ಪತ್ತಾರನೇ ಒಂದು ಭಾಗಕ್ಕೆ ಕುಗ್ಗುತ್ತದೆ. ಆದರೆ ಅಂಗಡಿಯಲ್ಲಿ ಸಿಗುವ ಆ ಅಳತೆಯ ಹಳಿಯ ಅಗಲ 16.5 ಮಿ.ಮೀ. ಮಾತ್ರ. ನಮ್ಮ ಬ್ರಾಡ್ ಗೇಜಿನ ಅಗಲ ಐದೂವರೆ ಅಡಿ. ಅದಕ್ಕೆ 22 ಮಿ.ಮೀ. ಬೇಕು. ಹಾಗಾಗಿ ವಾಡಿಯ ಹಳಿಯನ್ನು ಹವ್ಯಾಸಿ ಕೈಯಾರೆ ಮಾಡಿಕೊಳ್ಳದೆ ಗತ್ಯಂತರವಿಲ್ಲ. ಅದೇ ಲೆಕ್ಕದಲ್ಲಿ ವಾಡಿಯಿಂದ ಸಿಕಂದರಾಬಾದಿನವರೆಗಿನ ಸುಮಾರು 190 ಕಿ.ಮೀ. ದಾರಿಯನ್ನು ಪೂರ್ತಿ ಕಟ್ಟಿದರೆ ಮಾದರಿ ಎರಡೂವರೆ ಕಿ.ಮೀ. ಉದ್ದವಾಗುತ್ತದೆ!

ಹಳಿ ಇಷ್ಟು ಅಗಲವಾದದ್ದಕ್ಕೂ ಒಂದು ಕಥೆಯಿದೆ. 1853ರ ಏಪ್ರಿಲ್ 16ರಂದು ಮುಂಬಯಿಯಿಂದ ಠಾಣೆಗೆ ಮೊದಲ ಪ್ರಯಾಣಿಕರ ಗಾಡಿ ಓಡಿಸಿದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ, ಅಂದರೆ ಜನರ ಬಾಯಲ್ಲಿನ ಜಿಐಪಿ, ಬೋರ್ ಘಾಟನ್ನು ಜಯಿಸಿ ಸೊಲ್ಲಾಪುರ ದಾಟಿ ನಿಜಾಮರ ರಾಜ್ಯವನ್ನು ಹೊಕ್ಕಿತು. ಕಲಬುರಗಿ, ಶಹಾಬಾದ್, ವಾಡಿ, ಯಾದಗಿರಿಗಳನ್ನು ಹಾದು 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ರೈಲ್ವೆಯ ಹಳಿಯೊಂದಿಗೆ ಕೂಡಿಕೊಂಡಿತು. ಮುಂಬಯಿ, ಮದ್ರಾಸುಗಳನ್ನು ಬೆಸೆದ ಈ ಹಳಿ ರಾಜಧಾನಿ ಹೈದರಾಬಾದನ್ನು ಮಾತ್ರ ದೂರದಲ್ಲೇ ಬಿಟ್ಟಿತು. ಆ ಕೊರತೆ ತುಂಬಲು ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರು, ವಿಕಾರಾಬಾದ್ ಮಾರ್ಗವಾಗಿ ಸಿಕಂದರಾಬಾದಿಗೆ ಹಾಕಿದ ಹಳಿ 1874ರಲ್ಲಿ ತೆರೆಯಿತು.

ಆ ಹೊತ್ತಿಗೆ ಭಾರತ ಸರ್ಕಾರವೇ ಖರ್ಚು ಉಳಿಸಲು ಹಲವೆಡೆ ಮೀಟರ್ ಗೇಜ್ ಹಾಕಲು ಮುಂದಾಗಿತ್ತು. ಆದರೂ ಇಲ್ಲಿ ಬಂದದ್ದು ದುಬಾರಿಯಾದ ಬ್ರಾಡ್ ಗೇಜ್. ಸಿಕಂದರಾಬಾದಿನಲ್ಲಿ ಬ್ರಿಟಿಷರ ದೊಡ್ಡ ದಂಡು ಇತ್ತು. ಮುಂಬಯಿಯಲ್ಲಿ ಹತ್ತಿದ ಸಿಪಾಯಿ, ತೋಪು, ಕುದುರೆಗಳು ನಡುದಾರಿಯಲ್ಲಿ ಗಾಡಿ ಬದಲಿಸದೆ ಅಲ್ಲಿಗೆ ತಲುಪಬೇಕಾದರೆ ಹಳಿಯ ಅಗಲ ಒಂದೇ ಇರಬೇಕಲ್ಲವೇ? ದಂಡಿನ ಅನುಕೂಲ ಬ್ರಿಟಿಷರದು, ಹಳಿ ಹಾಕುವ ಹಣದ ಹೊಣೆ ಮಾತ್ರ ನಿಜಾಮರದು ಎಂಬಂತಾಯಿತು.

ಹೆಸರಿನಲ್ಲೇ ಇದ್ದ ಖಾತರಿ

ಮಾದರಿಯ ಡಬ್ಬಿಗಳ ಮೇಲೆ ಹೆಸರು ಬರೆಯಬೇಕು. ಮುಂಬಯಿ ಕಡೆಯವಕ್ಕೆ ಜಿಐಪಿ. ಹೈದರಾಬಾದ್ ಕಡೆಯವಕ್ಕೆ ‘ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆ’. ಈ ‘ಗ್ಯಾರಂಟೀಡ್’ ಎಂಬ ಪದ ಅಲಂಕಾರಕ್ಕೆ ಬಂದುದಲ್ಲ. 1883ರ ಕರಾರಿನಂತೆ ಲಂಡನ್ನಿನಲ್ಲಿ ಬಂಡವಾಳ ಎತ್ತಿದ ಕಂಪನಿಯೊಂದು ಈ ರೈಲನ್ನು ವಹಿಸಿಕೊಂಡಿತು. ಅದರ ಪಾಲುದಾರರಿಗೆ ಇಪ್ಪತ್ತು ವರ್ಷ ಶೇಕಡಾ 5ರ ಬಡ್ಡಿ ತಪ್ಪದೆಂದು ನಿಜಾಮ್ ಸರ್ಕಾರ ಖಾತರಿ ಕೊಟ್ಟಿತು. ರೈಲು ಲಾಭ ತರಲಿ, ನಷ್ಟ ತರಲಿ, ಬಡ್ಡಿ ಲಂಡನ್ನಿಗೆ ಹೋಗಲೇಬೇಕು. ಅದು ಹೋಗುತ್ತಿದ್ದುದು ಕೊನೆಗೆ ಸೇಡಂ, ಚಿತ್ತಾಪುರಗಳಂಥ ಕಡೆಯ ರೈತರು ಕಟ್ಟಿದ ಕಂದಾಯದಿಂದಲೇ.

ಚಾಂದಾದ ಕಡೆಗೂ ರೈಲು ಒಯ್ಯುವ ಈ ಯೋಜನೆಯನ್ನು ಪ್ರಶ್ನಿಸಿ ಹೈದರಾಬಾದಿನಲ್ಲಿ 1883ರಲ್ಲಿ ಚಳವಳಿಯೇ ನಡೆಯಿತು. ಕರಾರಿನ ವಿವರಗಳನ್ನು ಜನರ ಮುಂದಿಡಿ ಎಂದು ಕೇಳಿದವರಲ್ಲಿ ಮುಖ್ಯರು ಡಾ. ಅಘೋರನಾಥ ಚಟ್ಟೋಪಾಧ್ಯಾಯ, ಸರೋಜಿನಿ ನಾಯ್ಡು ಅವರ ತಂದೆ. ಅದಕ್ಕೆ ಅವರಿಗೆ ಸಿಕ್ಕ ಬಹುಮಾನ ರಾಜ್ಯದಿಂದ ಗಡೀಪಾರು. ಹಾಕಿದ ಹಳಿ 1889ರಲ್ಲಿ ಬೆಜವಾಡ, ಅಂದರೆ ಇಂದಿನ ವಿಜಯವಾಡವನ್ನು ಮುಟ್ಟಿತು. ಕಂಪನಿಯ ಕೈಯಿಂದ ರೈಲನ್ನು ನಿಜಾಮ್ ಸರ್ಕಾರ ಕೊಂಡುಕೊಂಡದ್ದು 1930ರಲ್ಲಿ.

ಎರಡು ಆಡಳಿತ, ಒಂದು ಪ್ಲಾಟ್‌ಫಾರಂ

ಮಾದರಿಯ ಪ್ಲಾಟ್‌ಫಾರಂ ಮೇಲೆ ಒಂದು ಗಡಿಯಾರ ತೂಗುಹಾಕಬೇಕು. ಅದರಲ್ಲಿ ಯಾವ ವೇಳೆ? 1906ರಲ್ಲಿ ಭಾರತೀಯ ಪ್ರಮಾಣ ವೇಳೆ ಬರುವವರೆಗೆ ರೈಲುಗಳು ನಡೆಯುತ್ತಿದ್ದುದು ಮದ್ರಾಸ್ ವೇಳೆಯಲ್ಲಿ. ಅದು ಇಂದಿನ ವೇಳೆಗಿಂತ ಸುಮಾರು 9 ನಿಮಿಷ ಹಿಂದೆ. ಹಳ್ಳಿಯವನು ಹೊತ್ತು ನೋಡಿ ಹೊರಟರೆ, ಸ್ಟೇಷನ್ನು ನೂರಾರು ಮೈಲಿ ದೂರದ ಮದ್ರಾಸಿನ ಹೊತ್ತು ತೋರಿಸುತ್ತಿತ್ತು.

ಟಿಕೆಟ್ ಕಿಂಡಿಯ ಮುಂದೆ ಇನ್ನೊಂದು ಗೊಂದಲ. ನಿಜಾಮರ ನಾಣ್ಯ ಹಾಲಿ, ಬ್ರಿಟಿಷರದು ಕಲ್ದಾರ್. ಮುಂದೆ ವಿನಿಮಯ ದರ ನಿಲುಗಡೆಗೆ ಬಂದಾಗ ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್ ರೂಪಾಯಿ ಎಂಬ ಲೆಕ್ಕ. ಸರಕಿನ ಮೇಲೆ ನಿಜಾಮ್ ರಾಜ್ಯದ ಸುಂಕ ಬೇರೆ. ಬ್ರಿಟಿಷರೊಂದಿಗಿನ 1802ರ ಒಪ್ಪಂದ ಅದನ್ನು ಶೇಕಡಾ 5ಕ್ಕೆ ಸೀಮಿತಗೊಳಿಸಿತ್ತು.

ಎಲ್ಲಕ್ಕಿಂತ ವಿಚಿತ್ರ, ಹಳಿಯ ಕೆಳಗಿನ ನೆಲದ ಸ್ಥಿತಿ. ನೆಲ ನಿಜಾಮರದೇ. ಆದರೆ ಹಳಿಗೆ ಸೇರಿದ ಪಟ್ಟಿಯ ಮೇಲಿನ ನ್ಯಾಯಾಧಿಕಾರವನ್ನು ಅವರು ಬ್ರಿಟಿಷರಿಗೆ ಬಿಟ್ಟುಕೊಟ್ಟಿದ್ದರು. ಬೇಲಿಯ ಆಚೆ ಕಳ್ಳತನ ಮಾಡಿದವನನ್ನು ಹಿಡಿಯುವವರು ಒಬ್ಬರು, ಈಚೆ ಮಾಡಿದವನನ್ನು ಹಿಡಿಯುವವರು ಇನ್ನೊಬ್ಬರು. ಈ ಅಧಿಕಾರ ಎಲ್ಲಿಯವರೆಗೆ ಎಂಬ ಪ್ರಶ್ನೆ ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋಯಿತು. ಸಿಮ್ಲಾದ ಮ್ಯಾಜಿಸ್ಟ್ರೇಟರ ವಾರಂಟಿನ ಮೇಲೆ ಯೂಸುಫುದ್ದೀನ್ ಎಂಬ ನಿಜಾಮರ ಪ್ರಜೆಯನ್ನು ಹೈದರಾಬಾದ್ ರಾಜ್ಯದೊಳಗಿನ ರೈಲು ನಿಲ್ದಾಣದಲ್ಲಿ ಬಂಧಿಸಲಾಗಿತ್ತು. ಬಿಟ್ಟುಕೊಟ್ಟ ಅಧಿಕಾರ ರೈಲಿನ ಆಡಳಿತಕ್ಕೆ ಸಂಬಂಧಿಸಿದ್ದು, ರೈಲಿಗೆ ಸಂಬಂಧವಿಲ್ಲದ ಆರೋಪಕ್ಕೆ ಅದು ಅನ್ವಯಿಸದು, ಆದ್ದರಿಂದ ಬಂಧನ ಕಾನೂನುಬಾಹಿರ ಎಂದು 1897ರಲ್ಲಿ ತೀರ್ಪಾಯಿತು. ಸಣ್ಣ ಸಂಸ್ಥಾನಗಳ ಮೇಲೆ ರೈಲು ಹಳಿಯ ನೆಪದಲ್ಲಿ ಚಾಚಿದ ಕೈಯನ್ನು ತುಸುವಾದರೂ ಹಿಂದಕ್ಕೆ ಸರಿಸಿದ ತೀರ್ಪು ಇದು. ಈ ಗಡಿಯನ್ನು ನಮ್ಮ ಹವ್ಯಾಸಿ ಮಾದರಿಯಲ್ಲಿ ತೋರಿಸುವುದಾದರೂ ಹೇಗೆ? ಎರಡೂ ಕಡೆಯ ಮಣ್ಣಿನ ಬಣ್ಣ ಒಂದೇ.

22 ಮಿ.ಮೀ. ಮನುಷ್ಯರು

ಕೊನೆಗೆ ಜನ. ಐದೂವರೆ ಅಡಿಯ ಆಳು ಈ ಅಳತೆಯಲ್ಲಿ ನಿಖರವಾಗಿ 22 ಮಿ.ಮೀ., ಅಂದರೆ ಹಳಿಯ ಅಗಲದಷ್ಟೇ ಎತ್ತರ. ಅಂಥ ಒಂದಿಬ್ಬರು ಗೊಂಬೆಗಳನ್ನು ಇಂಜಿನ್ನಿನಲ್ಲಿ ನಿಲ್ಲಿಸಿ ಹವ್ಯಾಸಿ ತೃಪ್ತನಾಗುತ್ತಾನೆ. ಆದರೆ ಆ ಗೊಂಬೆ ಮಾಡುತ್ತಿದ್ದ ಕೆಲಸ ಎಂಥದು?

ಕಲ್ಲಿದ್ದಲಿನ ಇಂಜಿನ್ನಿಗೆ ಸಾಮಾನ್ಯವಾಗಿ ಒಬ್ಬ ಡ್ರೈವರ್, ಇಬ್ಬರು ಫೈರ್‌ಮನ್ನರು. ಒಬ್ಬ ಟೆಂಡರಿನಲ್ಲಿ ಕಲ್ಲಿದ್ದಲು ಒಡೆದು ಮುಂದಕ್ಕೆ ಎಳೆಯಬೇಕು, ಇನ್ನೊಬ್ಬ ಸಲಿಕೆಯಿಂದ ಒಲೆಗೆ ಎಸೆಯಬೇಕು. ಎಸೆಯುವುದೆಂದರೆ ಸುರಿಯುವುದಲ್ಲ. ಕುಲುಕುವ ತಟ್ಟೆಯ ಮೇಲೆ ಕಾಲೂರಿ ನಿಂತು, ಒಲೆಯ ಮೂಲೆಮೂಲೆಗೂ ತೆಳ್ಳಗೆ ಹರಡಬೇಕು. ದಪ್ಪವಾಗಿ ಬಿದ್ದರೆ ಹೊಗೆ ಹೆಚ್ಚುತ್ತದೆ, ಆವಿ ಇಳಿಯುತ್ತದೆ. ಎಲ್ಲಿಯಾದರೂ ತೂತು ಬಿದ್ದರೆ ತಣ್ಣನೆ ಗಾಳಿ ನುಗ್ಗುತ್ತದೆ. ಜೊತೆಗೆ ಗಾಜಿನ ನಳಿಗೆಯಲ್ಲಿ ಬಾಯ್ಲರಿನ ನೀರಿನ ಮಟ್ಟದ ಮೇಲೆ ಸದಾ ಕಣ್ಣಿರಬೇಕು. ನೀರು ಇಳಿದು ಒಲೆಯ ಮೇಲ್ಛಾವಣಿ ಬರಿದಾದರೆ ಅಲ್ಲಿನ ಸೀಸದ ಬಿರಡೆ ಕರಗಿ ಆವಿ ಒಲೆಗೇ ಇಳಿಯುತ್ತದೆ. ಅದೂ ಕೈಕೊಟ್ಟರೆ ಬಾಯ್ಲರ್ ಸಿಡಿಯುತ್ತದೆ. ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಿ, ಆ ಒಲೆಯ ಬಾಯಿಯ ಮುಂದೆ ಈ ಕೆಲಸ!

ಒಂಟಿ ಹಳಿಯ ದಿನಗಳಲ್ಲಿ ಎದುರು ಬದುರಾಗಿ ಎರಡು ಗಾಡಿ ಬರದಂತೆ ಕಾದದ್ದು ಟೋಕನ್ ಪದ್ಧತಿ. ಒಂದು ನಿಲ್ದಾಣದಿಂದ ಮುಂದಿನ ನಿಲ್ದಾಣದವರೆಗಿನ ಹಳಿಗೆ ಒಮ್ಮೆಗೆ ಒಂದೇ ಟೋಕನ್ ಹೊರಬರುತ್ತದೆ; ಅದು ಕೈಯಲ್ಲಿಲ್ಲದೆ ಡ್ರೈವರ್ ಗಾಡಿ ಬಿಡುವಂತಿಲ್ಲ. ನಿಲ್ಲದೆ ಓಡುವ ಗಾಡಿಯಿಂದ ಕೈಚಾಚಿ, ಬೆತ್ತದ ಬಳೆಗೆ ಕಟ್ಟಿದ ಟೋಕನ್ನನ್ನು ತೋಳಿಗೆ ಸಿಕ್ಕಿಸಿಕೊಳ್ಳಬೇಕಿತ್ತು. ರಾತ್ರಿ, ಮಳೆಯಲ್ಲಿ, ಕೆಳಗೆ ಲಾಟೀನು ಹಿಡಿದು ನಿಂತವನ ಕಡೆಗೆ ತೋಳು ಚಾಚುವುದು ಎಂಥ ಧೈರ್ಯ!

ಇಷ್ಟೆಲ್ಲ ಮಾಡಿದರೂ ಮೇಲ್ ಗಾಡಿಯ ಡ್ರೈವರ್ ಸ್ಥಾನ ಬಹುಕಾಲ ಯುರೋಪಿಯನ್ನರಿಗೂ ಆಂಗ್ಲೋ ಇಂಡಿಯನ್ನರಿಗೂ ಮೀಸಲಿದ್ದಂತೆಯೇ ಇತ್ತು. ಭಾರತೀಯನ ಏಣಿ ಖಲಾಸಿ, ಕ್ಲೀನರ್, ಫೈರ್‌ಮನ್, ಶಂಟರ್ ಎಂದು ಏರಿ ಗೂಡ್ಸ್ ಗಾಡಿಯ ಹತ್ತಿರ ನಿಲ್ಲುತ್ತಿತ್ತು. ಸಂಬಳ, ವಸತಿ, ವಿಶ್ರಾಂತಿಗೃಹ ಎಲ್ಲದರಲ್ಲೂ ಈ ಭೇದ. ಜಿಐಪಿ ಕಾರ್ಮಿಕರು 1930ರಲ್ಲಿ ಹೂಡಿದ ದೊಡ್ಡ ಮುಷ್ಕರದ ಹಿಂದೆ ಇಂಥ ಸಂಕಟಗಳು ಮಡುಗಟ್ಟಿದ್ದವು. ಇನ್ನು ಹಳಿಯನ್ನು ದಿನವೂ ನಡೆದು ನೋಡುವ ಗ್ಯಾಂಗ್‌ಮನ್ ಸುತ್ತಮುತ್ತಲ ಹಳ್ಳಿಯವನೇ. ಅವನ ಹೆಸರು ಇಂಜಿನ್ನಿನ ಹೆಸರಿನಂತೆ ಯಾವ ಫಲಕದ ಮೇಲೂ ಇಲ್ಲ.

ಗಡಿ ಅಳಿಸಿದ ಮೇಲೆ

ಸ್ವಾತಂತ್ರ್ಯ ಬಂದರೂ ಹೈದರಾಬಾದ್ ಹೊರಗುಳಿದ ಹದಿಮೂರು ತಿಂಗಳಲ್ಲಿ ಈ ಹಳಿ ಭಯದ ದಾರಿಯಾಯಿತು. 1948ರ ಮೇ 22ರಂದು ಗಾಣಗಾಪುರ ನಿಲ್ದಾಣದಲ್ಲಿ ಮೇಲ್ ಗಾಡಿಯ ಮೇಲೆ ರಜಾಕಾರರ ದಾಳಿ ನಡೆದು ದೇಶವೆಲ್ಲ ತಲ್ಲಣಿಸಿತು. ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು. 1951ರ ನವೆಂಬರ್ 5ರಂದು ಜಿಐಪಿ ಮತ್ತು ನಿಜಾಮರ ರೈಲು ಎರಡೂ ಒಂದೇ ಮಧ್ಯ ರೈಲ್ವೆಯಲ್ಲಿ ಕರಗಿದವು. 1956ರಲ್ಲಿ ರಾಜ್ಯಗಳು ಮರುವಿಂಗಡಣೆಯಾದಾಗ ಸೇಡಂ ಮೈಸೂರು ರಾಜ್ಯಕ್ಕೆ, ಅದೇ ಹಳಿಯ ಮೇಲಿನ ತಾಂಡೂರು ಆಂಧ್ರಕ್ಕೆ. 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ ಹುಟ್ಟಿತು. ಹಳೆಯ ಜಿಐಪಿ ಹಳಿಯೂ ಹಳೆಯ ನಿಜಾಮ್ ಹಳಿಯೂ ಕೂಡುವ ವಾಡಿಯಲ್ಲೇ ಇಂದು ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗವೂ ದಕ್ಷಿಣ ಮಧ್ಯ ರೈಲ್ವೆಯ ಸಿಕಂದರಾಬಾದ್ ವಿಭಾಗವೂ ಸಂಧಿಸುತ್ತವೆ ಎಂಬುದು ಕುತೂಹಲಕರ. ರಾಜ್ಯಗಳು ಹೋದರೂ ಗಡಿಯ ಗುರುತು ರೈಲಿನ ಕಡತದಲ್ಲಿ ಉಳಿದಿದೆ.

ಬ್ರಾಡ್ ಗೇಜಿನಲ್ಲಿ ಕಲ್ಲಿದ್ದಲಿನ ಇಂಜಿನ್ನುಗಳ ನಿತ್ಯ ಓಡಾಟ 1995ರ ಕೊನೆಗೆ ನಿಂತಿತು. ಬ್ರಿಟಿಷರ ಕಾಲದ ಗಾಡಿಯಲ್ಲಿ ದುಡಿದವರು ಇಂದು ಬದುಕಿದ್ದರೆ ನೂರರ ಆಸುಪಾಸಿನವರು. ಕೊನೆಯ ಉಗಿಬಂಡಿಗಳಿಗೆ ಕಲ್ಲಿದ್ದಲು ಎಸೆದವರಿಗೂ ಎಪ್ಪತ್ತು ದಾಟುತ್ತಿದೆ. ಇಂಜಿನ್ನಿನ ನಕ್ಷೆ ಗ್ಲಾಸ್ಗೋ, ಮ್ಯಾಂಚೆಸ್ಟರಿನ ಕಡತಗಳಲ್ಲಿ ಸಿಕ್ಕೀತು. ಅದನ್ನು ನೋಡಿ ಯಾವ ಹವ್ಯಾಸಿಯಾದರೂ ಮಾದರಿ ಕಟ್ಟಿಯಾನು. ಯಾವ ತಿರುವಿನಲ್ಲಿ ಸಿಳ್ಳು ಹಾಕುತ್ತಿದ್ದರು, ಬುತ್ತಿಯನ್ನು ಎಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು, ಟೋಕನ್ ತಪ್ಪಿದ ರಾತ್ರಿ ಏನಾಯಿತು ಎಂಬುದಕ್ಕೆ ನಕ್ಷೆಯಿಲ್ಲ. ವಾಡಿ, ಶಹಾಬಾದ್, ಚಿತ್ತಾಪುರಗಳ ರೈಲ್ವೆ ಕುಟುಂಬಗಳ ಮಕ್ಕಳು ಮೊಮ್ಮಕ್ಕಳು ಮನೆಯ ಹಿರಿಯರ ಬಳಿ ಕುಳಿತು ಇಷ್ಟನ್ನು ಬರೆದುಕೊಳ್ಳಬಹುದು. ಅದಕ್ಕೆ ಬೇಕಾದದ್ದು ಒಂದು ನೋಟ್‌ಬುಕ್ಕು, ಒಂದು ಭಾನುವಾರ.