ವಿದೇಶಿ ಪೈಲಟ್ ಪರವಾನಗಿ ಪರಿವರ್ತನೆ

ವಿದೇಶಿ ಪೈಲಟ್ ಪರವಾನಗಿ ಪರಿವರ್ತನೆ ಎಂದರೆ ಒಂದು ದೇಶ ಕೊಟ್ಟ ವಿಮಾನ ಚಾಲನಾ ಪರವಾನಗಿಯ ಆಧಾರದ ಮೇಲೆ ಇನ್ನೊಂದು ದೇಶದ ಪರವಾನಗಿ ಪಡೆಯುವ ಕ್ರಮ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನದ 1944ರ ಷಿಕಾಗೊ ಒಪ್ಪಂದ ಇಂತಹ ಪರವಾನಗಿಗಳಿಗೆ ಕನಿಷ್ಠ ಮಟ್ಟವನ್ನು ಗೊತ್ತುಪಡಿಸಿದೆ. ಆದರೂ ಪ್ರತಿ ದೇಶಕ್ಕೂ ತನ್ನದೇ ಪರೀಕ್ಷೆಗಳಿವೆ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದವರಿಗೆ ಹತ್ತಿರದ ಹಾರಾಟ ಶಾಲೆ ಬೆಂಗಳೂರಿನ ಜಕ್ಕೂರಿನಲ್ಲಿರುವ ಸರ್ಕಾರಿ ವೈಮಾನಿಕ ತರಬೇತಿ ಶಾಲೆ. ಅಲ್ಲಿ ಕಲಿಯದೆ ಅಮೆರಿಕದಂತಹ ದೇಶಗಳಲ್ಲಿ ಕಲಿತು ಬಂದವರು ಪರಿವರ್ತನೆಗಾಗಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ (ಡಿಜಿಸಿಎ) ಅರ್ಜಿ ಹಾಕಬೇಕು. ವಾಯು ನಿಯಮಗಳ ಪರೀಕ್ಷೆ, ಪಥದರ್ಶನ ಮತ್ತು ಹವಾಮಾನ ಸೇರಿದ ಸಂಯುಕ್ತ ಪತ್ರಿಕೆ, ರೇಡಿಯೊ ಸಂಭಾಷಣೆಯ ಅರ್ಹತೆ, ಹಾರಾಟದ ಕೌಶಲ ಪರೀಕ್ಷೆ ಇಲ್ಲಿ ಮುಖ್ಯ. ಪ್ರಥಮ ದರ್ಜೆಯ ವೈದ್ಯಕೀಯ ಪ್ರಮಾಣಪತ್ರವೂ ಬೇಕು. ವೈಮಾನಿಕ ವೈದ್ಯಕೀಯ ತಪಾಸಣೆಗೆ ಹೆಸರಾದ ವಾಯುಪಡೆಯ ಸಂಸ್ಥೆಯೊಂದು ಬೆಂಗಳೂರಿನಲ್ಲೇ ಇದೆ.

ವಾಣಿಜ್ಯ ಪರವಾನಗಿಗೆ ಭಾರತದಲ್ಲಿ 200 ಗಂಟೆಗಳ ಹಾರಾಟ ಬೇಕು. ವಿಮಾನ ಕಂಪನಿಯ ಕ್ಯಾಪ್ಟನ್ ಆಗಲು ಬೇಕಾದ ಪರವಾನಗಿಗೆ 1,500 ಗಂಟೆ. ಸಾಲ ಮಾಡಿ ಮಕ್ಕಳನ್ನು ಹೊರದೇಶಕ್ಕೆ ಕಳುಹಿಸುವ ಕುಟುಂಬಗಳು ಪರಿವರ್ತನೆಯ ಖರ್ಚು ಮತ್ತು ಕಾಲವನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಗತ್ಯ.

ಎದುರು ದಿಕ್ಕಿನ ದಾರಿ ಇನ್ನೂ ಕಠಿಣ. ಯುರೋಪಿನಲ್ಲಿ ಭಾರತೀಯ ಪರವಾನಗಿದಾರರು ವಿಮಾನ ಕಂಪನಿ ಮಟ್ಟದ ಪರವಾನಗಿಗೆ 13 ವಿಷಯಗಳ ಲಿಖಿತ ಪರೀಕ್ಷೆ ಬರೆಯಬೇಕಾಗುತ್ತದೆ.

ಭಾರತೀಯ ಕಂಪನಿಗಳು ಕರೆಸಿಕೊಳ್ಳುವ ವಿದೇಶಿ ಪೈಲಟ್‌ಗಳಿಗೆ ಪೂರ್ಣ ಪರಿವರ್ತನೆಯ ಬದಲು ಡಿಜಿಸಿಎ ನಿಗದಿತ ಅವಧಿಯ ತಾತ್ಕಾಲಿಕ ಅನುಮತಿ ನೀಡುತ್ತದೆ. ಇದನ್ನು ಸಂಕ್ಷಿಪ್ತವಾಗಿ ಫಾಟಾ ಎನ್ನುತ್ತಾರೆ.