ಕೊಹಾ: ಒಂದು ಸಣ್ಣ ಗ್ರಂಥಾಲಯದ ಕೊಡುಗೆ

ಗ್ರಂಥಾಲಯಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಮಹಾನಗರಗಳ ಹಾಗೂ ವಿಶ್ವವಿದ್ಯಾಲಯಗಳ ಪುಸ್ತಕಭಂಡಾರಗಳನ್ನೇ ಗಮನಿಸುತ್ತಾರೆ. ಗ್ರಾಮೀಣ ಗ್ರಂಥಾಲಯವೆಂದರೆ ಮೇಲಿನಿಂದ ಬಂದುದನ್ನು ಪಡೆಯುವ ಕೈ ಎಂಬ ಭಾವನೆ ಬಲವಾಗಿ ಬೇರೂರಿದೆ. ಅಂತರಜಾಲವು ಬಳಕೆದಾರನನ್ನೇ ನಿರ್ಮಾತೃವನ್ನಾಗಿ ಮಾಡತೊಡಗಿದ ಕಾಲದಲ್ಲಿ ಈ ಭಾವನೆಯನ್ನು ಸುಳ್ಳಾಗಿಸಿದ್ದು ನ್ಯೂಜಿಲೆಂಡಿನ ಹೊರೊಫೆನುವಾ ಎಂಬ ಕೃಷಿಪ್ರಧಾನ ಸೀಮೆಯ ಗ್ರಂಥಾಲಯ.

ಈ ಗ್ರಂಥಾಲಯದ ಕೇಂದ್ರವು ಲೆವಿನ್ ಪಟ್ಟಣದಲ್ಲಿದ್ದು, ಫಾಕ್ಸ್‌ಟನ್ ಮತ್ತು ಶಾನನ್ ಎಂಬ ಸಣ್ಣ ಊರುಗಳಲ್ಲಿ ಅದರ ಶಾಖೆಗಳಿದ್ದವು. 1999ರಲ್ಲಿ ಇದಕ್ಕೊಂದು ಸಂಕಟ ಎದುರಾಯಿತು. ಪುಸ್ತಕಗಳ ಎರವಲು ಮತ್ತು ಸೂಚಿಯನ್ನು ನಿರ್ವಹಿಸುತ್ತಿದ್ದ ಹಳೆಯ ತಂತ್ರಾಂಶವು 2000ನೆಯ ಇಸವಿಯ ದಿನಾಂಕವನ್ನು ನಿಭಾಯಿಸಲಾರದಾಗಿತ್ತು. ಮಾರುಕಟ್ಟೆಯ ತಂತ್ರಾಂಶಗಳು ದುಬಾರಿಯಾಗಿದ್ದವು. ಶಾಖೆಗಳನ್ನು ಜೋಡಿಸುವ ಸಂಪರ್ಕದ ವೆಚ್ಚವೂ ಹೊರೆಯಾಗಿತ್ತು. ಆಗ ಗ್ರಂಥಾಲಯದ ಟ್ರಸ್ಟ್ ಕಟಿಪೊ ಎಂಬ ಸಂಸ್ಥೆಯ ನೆರವಿನಿಂದ, ಸಾಮಾನ್ಯ ದೂರವಾಣಿ ತಂತಿಯ ಮೂಲಕವೇ ಬ್ರೌಸರಿನಲ್ಲಿ ಕೆಲಸಮಾಡುವ ಹೊಸ ತಂತ್ರಾಂಶವನ್ನು ಮಾಡಿಸಿತು. 2000ದ ಜನವರಿ 3ರಂದು ಅದು ಬಳಕೆಗೆ ಬಂದಿತು. ಅದರ ಹೆಸರು ಕೊಹಾ. ಮಾವೊರಿ ಭಾಷೆಯಲ್ಲಿ ಈ ಪದಕ್ಕೆ ಕಾಣಿಕೆ ಎಂದರ್ಥ. ಪಡೆದವರು ಮುಂದೆ ಮರಳಿ ಕೊಡುವರೆಂಬ ಸೂಚನೆಯೂ ಆ ಪದದಲ್ಲಿ ಅಡಗಿದೆ.

ಟ್ರಸ್ಟ್ ಇದನ್ನು ಮಾರಾಟಕ್ಕಿಡದೆ, ಯಾರು ಬೇಕಾದರೂ ಬಳಸಿ ತಿದ್ದಿಕೊಳ್ಳುವಂತೆ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿತು. ಹಲವರು ಕೈಗೂಡಿಸಿದರೆ ಮಾತ್ರ ತಂತ್ರಾಂಶವು ಉಳಿದು ಬೆಳೆಯುವುದೆಂಬ ವಿವೇಕ ಇದರ ಹಿಂದಿತ್ತು. ಅದು ಫಲಿಸಿತು. ಅಮೆರಿಕದ ಒಹಾಯೊ ರಾಜ್ಯದ ನೆಲ್ಸನ್‌ವಿಲ್ ಎಂಬ ಸಣ್ಣ ಊರಿನ ಸಾರ್ವಜನಿಕ ಗ್ರಂಥಾಲಯವು ಮಾರ್ಕ್ ಎಂಬ ಸೂಚೀಕರಣ ಪದ್ಧತಿಯನ್ನು ಅಳವಡಿಸಲು ಹಣ ಒದಗಿಸಿತು. ಆ ಸುಧಾರಣೆ ಎಲ್ಲ ಬಳಕೆದಾರರಿಗೂ ದೊರೆಯಿತು. ಮುಂದಿನ ಆವೃತ್ತಿಗಳಲ್ಲಿ ಓದುಗರೇ ಸೂಚಿಯೊಳಗೆ ಅಭಿಪ್ರಾಯ ಬರೆಯುವ, ಪುಸ್ತಕಗಳಿಗೆ ತಮ್ಮದೇ ವಿಷಯಪದಗಳನ್ನು ಸೇರಿಸುವ ಅವಕಾಶಗಳು ಬಂದವು.

ಕೊಟ್ಟದ್ದನ್ನು ಕಾಯುವ ಹೊಣೆಯೂ ಕೊಟ್ಟವರ ಮೇಲೆಯೇ ಬಿದ್ದಿತು. ಅಮೆರಿಕದ ಒಂದು ಕಂಪನಿ ನ್ಯೂಜಿಲೆಂಡಿನಲ್ಲಿ 'ಕೊಹಾ' ಎಂಬ ಹೆಸರನ್ನೇ ತನ್ನ ವ್ಯಾಪಾರಮುದ್ರೆಯಾಗಿ ನೋಂದಾಯಿಸಲು ಹೊರಟಾಗ, 2011ರಲ್ಲಿ ಟ್ರಸ್ಟ್ ಅದನ್ನು ವಿರೋಧಿಸಲು ಸಾರ್ವಜನಿಕರ ನೆರವನ್ನು ಕೋರಬೇಕಾಯಿತು. 2013ರಲ್ಲಿ ತೀರ್ಪು ಟ್ರಸ್ಟಿನ ಪರವಾಯಿತು.

ಇಂದು ಭಾರತದ ಅನೇಕ ಕಾಲೇಜು, ವಿಶ್ವವಿದ್ಯಾಲಯಗಳ ಗ್ರಂಥಾಲಯಗಳು ಕೊಹಾವನ್ನೇ ಬಳಸುತ್ತಿವೆ. ಈ ಚರಿತ್ರೆಗೆ ಕರ್ನಾಟಕದ ಸಂದರ್ಭದಲ್ಲಿ ವಿಶೇಷ ಅರ್ಥವಿದೆ. 2019ರಲ್ಲಿ ಇಲ್ಲಿನ ಗ್ರಾಮೀಣ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದವು. ಅನೇಕ ಕಡೆ ಗಣಕಯಂತ್ರಗಳೂ ಬಂದಿವೆ. ಆದರೆ ಆ ಯಂತ್ರದಲ್ಲಿ ನಗರದವರು ಸಿದ್ಧಪಡಿಸಿದ್ದನ್ನು ಓದುವುದಷ್ಟೇ ಸಾಧ್ಯವಾದರೆ ಹಳ್ಳಿಯ ಕೈ ಪಡೆಯುವ ಕೈಯಾಗಿಯೇ ಉಳಿಯುತ್ತದೆ. ಊರಿನ ಜಾತ್ರೆಯ ಸ್ಮರಣಸಂಚಿಕೆ, ಸ್ಥಳೀಯ ಕವಿಯ ಕಿರುಹೊತ್ತಗೆ, ಬಯಲಾಟದ ಪ್ರಸಂಗದ ಅಚ್ಚುಪ್ರತಿ ಮೊದಲಾದವು ದೊಡ್ಡ ಗ್ರಂಥಾಲಯಗಳ ಸೂಚಿಗಳಲ್ಲಿ ಸಿಗುವುದು ವಿರಳ. ಅವುಗಳ ವಿವರವನ್ನು ಆ ಊರಿನ ಗ್ರಂಥಪಾಲಕರೂ ಓದುಗರೂ ತಾವೇ ದಾಖಲಿಸಿ ಹಂಚಿಕೊಂಡರೆ ಕನ್ನಡ ಸಂಶೋಧನೆಗೆ ದೊರೆಯುವ ಆಕರಗಳ ವ್ಯಾಪ್ತಿಯೇ ಬದಲಾದೀತು. ಲೆವಿನ್ನಿನಂಥ ಪಟ್ಟಣಕ್ಕೆ ಸಾಧ್ಯವಾದುದು ನಮ್ಮ ಹೋಬಳಿಗಳಿಗೂ ಅಸಾಧ್ಯವೇನಲ್ಲ.