ಓಕೆ ಒತ್ತಿದರೆ ಊರೇ ಮಾಯ

ಕಲಬುರಗಿ ಜಿಲ್ಲೆಯ ತೆಂಗಳಿ ಎಂಬ ಊರಿನ ಹೆಸರನ್ನು ಗಣಕಯಂತ್ರದ ನೋಟ್‌ಪ್ಯಾಡಿನಲ್ಲಿ ಯೂನಿಕೋಡ್ ಕನ್ನಡದಲ್ಲಿ ಟೈಪು ಮಾಡಿ ಉಳಿಸಲು ಹೊರಟವರಿಗೆ, ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ ಒಂದು ಎಚ್ಚರಿಕೆ ಎದುರಾಗುತ್ತಿತ್ತು. ‘ಈ ಕಡತದಲ್ಲಿ ಯೂನಿಕೋಡ್ ಫಾರ್ಮ್ಯಾಟಿನ ಅಕ್ಷರಗಳಿವೆ, ಆನ್ಸಿ ಕಡತವಾಗಿ ಉಳಿಸಿದರೆ ಅವು ನಷ್ಟವಾಗುತ್ತವೆ’ ಎಂಬುದು ಅದರ ಇಂಗ್ಲಿಷ್ ಒಕ್ಕಣೆಯ ಸಾರ. ಕೆಳಗೆ ಎರಡು ಗುಂಡಿ: ಓಕೆ, ಕ್ಯಾನ್ಸಲ್. ಓಕೆ ಒತ್ತಿದವರು ಮುಂದಿನ ಸಲ ಕಡತ ತೆರೆದರೆ ತೆಂಗಳಿಯ ಜಾಗದಲ್ಲಿ ಆರು ಪ್ರಶ್ನಾರ್ಥಕ ಚಿಹ್ನೆಗಳು ಸಾಲಾಗಿ ನಿಂತಿರುತ್ತಿದ್ದವು.

ಮೂರಕ್ಷರದ ಊರಿಗೆ ಆರು ಚಿಹ್ನೆ ಏಕೆ? ನಮ್ಮ ಕಣ್ಣಿಗೆ ಮೂರಾದರೂ ಗಣಕಯಂತ್ರದ ಲೆಕ್ಕದಲ್ಲಿ ತಕಾರ, ಎತ್ವ, ಸೊನ್ನೆ, ಗಕಾರ, ಳಕಾರ, ಗುಡಿಸು ಎಲ್ಲವೂ ಬೇರೆ ಬೇರೆ.

ಎಚ್ಚರಿಕೆ ಸುಳ್ಳು ಹೇಳಿರಲಿಲ್ಲ. ಆದರೂ ದಾರಿ ತಪ್ಪಿಸುತ್ತಿತ್ತು. ಕಚೇರಿಯಲ್ಲಿ ಕೆಲಸ ಮಾಡುವವರಿಗೆ ಫಾರ್ಮ್ಯಾಟ್ ಎಂದರೆ ದಪ್ಪಕ್ಷರ, ಅಡಿಗೆರೆ, ಬಣ್ಣ. ಅಲಂಕಾರ ಹೋದರೆ ಹೋಗಲಿ, ಬರೆದದ್ದು ಉಳಿದರೆ ಸಾಕು ಎಂದುಕೊಂಡು ಓಕೆ ಒತ್ತುವುದು ಸಹಜ. ಆನ್ಸಿ ಎಂಬ ಹೆಸರಾದರೂ ಸರಿಯೇ? ಅದು ಅಮೆರಿಕದ ಮಾನಕ ಸಂಸ್ಥೆಯ ಹೆಸರು. ಆ ಸಂಸ್ಥೆ ಎಂದೂ ಮಾನಕವೆಂದು ಒಪ್ಪದ, ಮೈಕ್ರೋಸಾಫ್ಟಿನ ಸ್ವಂತ ಕೋಷ್ಟಕಕ್ಕೆ ಅದು ಅಂಟಿಕೊಂಡುಬಿಟ್ಟಿತ್ತು. ಇಂಗ್ಲಿಷ್ ವಿಂಡೋಸಿನ ಆ ಕೋಷ್ಟಕದಲ್ಲಿ ಇದ್ದದ್ದು 256 ಮನೆಗಳು, ಕನ್ನಡಕ್ಕೆ ಒಂದೂ ಇಲ್ಲ. ಮನೆ ಸಿಗದ ಅಕ್ಷರಕ್ಕೆಲ್ಲ ಪ್ರಶ್ನಾರ್ಥಕವೇ ಗತಿ.

ಕನ್ನಡಿಗರ ಹಳೆಯ ಅಭ್ಯಾಸವೂ ಇಲ್ಲಿ ಮುಳುವಾಯಿತು. 1998ರಲ್ಲಿ ಬಂದ ಬರಹ, ಆಮೇಲಿನ ನುಡಿ ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷ್ ಕೋಷ್ಟಕದ ಮನೆಗಳಿಗೇ ಕನ್ನಡದ ವೇಷ ತೊಡಿಸಿದ್ದವು. ಅವನ್ನು ಆನ್ಸಿಯಲ್ಲಿ ಉಳಿಸಿದರೆ ನಷ್ಟವೂ ಇಲ್ಲ, ಎಚ್ಚರಿಕೆಯೂ ಇಲ್ಲ. ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ ಸ್ವಂತ ಮನೆಗಳನ್ನು ಕೊಟ್ಟಿತ್ತಾದರೂ ವಿಂಡೋಸಿಗೆ ಆ ಕನ್ನಡ ಬಂದದ್ದು 2001ರ ಎಕ್ಸ್‌ಪಿಯೊಂದಿಗೆ. ಹೊಸ ಕನ್ನಡಕ್ಕೆ ಬಂದವರ ಕೈಯಲ್ಲಿ ಹಳೆಯ ಧೈರ್ಯವೇ ಇತ್ತು.

ಅನಗತ್ಯವಾಗಿ ಹೆದರಿಸುವ ಸಂದೇಶಗಳಿಗೂ ಕೊರತೆಯಿರಲಿಲ್ಲ. ‘ಈ ಪ್ರೋಗ್ರಾಂ ಕಾನೂನುಬಾಹಿರ ಕೆಲಸ ಮಾಡಿದೆ, ಮುಚ್ಚಲಾಗುವುದು’ ಎಂದು ವಿಂಡೋಸ್ 95 ಇಂಗ್ಲಿಷಿನಲ್ಲಿ ಸಾರುತ್ತಿತ್ತು. ಪೊಲೀಸರು ಬಾಗಿಲು ತಟ್ಟಿಯಾರು ಎನ್ನುವ ಧಾಟಿ. ಪ್ರೋಗ್ರಾಂ ತನ್ನದಲ್ಲದ ಸ್ಮೃತಿಕೋಶಕ್ಕೆ ಕೈಹಾಕಿದರೂ ಆ ಮಾತು ಬರುತ್ತಿತ್ತು. ತಪ್ಪು ಪ್ರೋಗ್ರಾಂ ಬರೆದವರದು, ಎದೆ ಝಲ್ಲೆನ್ನುವುದು ಮುಂದೆ ಕೂತವರಿಗೆ. ಎಕ್ಸ್‌ಪಿಯಲ್ಲಿ ಅದು ಕ್ಷಮೆ ಕೇಳುವ ಧಾಟಿಗೆ ಇಳಿಯಿತು. ಹೆದರಿಸಲೇಬೇಕಾದ ನೋಟ್‌ಪ್ಯಾಡ್ ಮಾತ್ರ ಗೊಣಗುತ್ತಲೇ ಉಳಿಯಿತು. ‘ನಿಮ್ಮ ಕನ್ನಡವೆಲ್ಲ ಅಳಿಸಿಹೋಗುತ್ತದೆ’ ಎಂದಿದ್ದರೆ ಓಕೆ ಒತ್ತುವವರು ಯಾರು?

2019ರ ಮೇ ತಿಂಗಳ ವಿಂಡೋಸ್ 10 ಪರಿಷ್ಕರಣೆಯಲ್ಲಿ, ಹೊಸ ಕಡತಗಳನ್ನು ಯೂನಿಕೋಡಿನ ಯುಟಿಎಫ್-8 ರೂಪದಲ್ಲೇ ಉಳಿಸುವುದು ನೋಟ್‌ಪ್ಯಾಡಿಗೆ ರೂಢಿಯಾಯಿತು. ಅದಕ್ಕೆ ಮುಂಚೆ ಅಳಿದದ್ದು ಆ ಕಡತದಿಂದ ಮರಳಿ ಸಿಗುವಂತಿಲ್ಲ. ಸೇಡಂ ಎಂದು ಬರೆದಿದ್ದರೂ ನಾಲ್ಕು ಪ್ರಶ್ನಾರ್ಥಕ, ವಾಡಿ ಎಂದಿದ್ದರೂ ನಾಲ್ಕೇ.